ಹಡಗಿನ ವೈನ್ ಪ್ಯಾಕೇಜಿಗೆ ಸಹಿ ಮಾಡಿದವಳು

ಹೆಸರು ಪರಿಮಳಾ ಕೋಂ ಗೋವಿಂದ ಹೆಗಡೆ, ವಯಸ್ಸು 56 ವರ್ಷ, ಉದ್ಯೋಗ ಮನೆಗೆಲಸ ಮತ್ತು ಹೊಲಿಗೆ, ವಾಸ ಕೋಟೆಕೆರೆ ಹತ್ತಿರ, ಶಿರಸಿ. ಇಂದು ದಿನಾಂಕ 11-12-2006ರಂದು ಬೆಳಿಗ್ಗೆ 10-40 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ನಮ್ಮ ಯಜಮಾನರು ಶಿರಸಿಯಲ್ಲಿ 31 ವರ್ಷ ಟೈಪಿಂಗ್ ಕಲಿಸಿದವರು. ಊರಿನವರು ಅವರನ್ನು ಟೈಪಿಂಗ್ ಮಾಸ್ತರು ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಕಲಿಯಲು ಬರುವವರು ಕಡಿಮೆಯಾಗಿ 2004ರ ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದರು. ನಮಗೆ ಮಕ್ಕಳಿಲ್ಲ. ಈಗ ಫಿರ್ಯಾದಿ ಕೊಟ್ಟಿರುವ ಹುಲೇಕಲ್‌ನ ಸುಮಂತ ಹೆಗಡೆ ನಮ್ಮ ಯಜಮಾನರ ಅಣ್ಣನ ಮಗ. ಅವನು ಅವರನ್ನು ತಂದೆಯಂತೆ ಕಂಡವನು. ಚಿತೆಗೆ ಬೆಂಕಿ ಕೊಟ್ಟವನೂ ಅವನೇ. ಅವನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ.

2005ರ ಜೂನ್‌ನಲ್ಲಿ ನಮ್ಮ ಯಜಮಾನರಿಗೆ ಗಂಟಲಿನ ಕ್ಯಾನ್ಸರ್ ಎಂದು ತಿಳಿಯಿತು. ಹುಬ್ಬಳ್ಳಿಯಲ್ಲಿ 33 ದಿನ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ಗಡ್ಡೆ ಹೋಯಿತು. ಆದರೆ ಅದರ ಜೊತೆಗೆ ಅವರ ನಾಲಿಗೆಯ ರುಚಿಯೂ ಹೋಯಿತು. ಉಪ್ಪು, ಹುಳಿ, ಸಿಹಿ ಯಾವುದೂ ಗೊತ್ತಾಗುತ್ತಿರಲಿಲ್ಲ. ಆರು ತಿಂಗಳಲ್ಲಿ ವಾಪಸ್ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಬರಲಿಲ್ಲ. ಅವರು ಗಡಿಯಾರ ನೋಡಿ ಊಟಕ್ಕೆ ಕೂರುತ್ತಿದ್ದರು, ಬಡಿಸಿದ್ದನ್ನು ತಿಂದು ಏಳುತ್ತಿದ್ದರು. ಒಮ್ಮೆ ನಾನು ಮರೆತು ಉಪ್ಪಿಲ್ಲದ ಸಾರು ಬಡಿಸಿದೆ. ಅವರು ಅದನ್ನು ಪೂರ್ತಿ ಉಂಡು ಚೆನ್ನಾಗಿತ್ತು ಎಂದರು. ಆಮೇಲೆ ನಾನು ಉಂಡಾಗ ನನಗೆ ಗೊತ್ತಾಯಿತು. ಆ ದಿನ ನಾನು ಹಿತ್ತಿಲಿಗೆ ಹೋಗಿ ಅತ್ತೆ.

2006ರ ಸೆಪ್ಟೆಂಬರ್‌ನ ತಪಾಸಣೆಯಲ್ಲಿ ಡಾಕ್ಟರು ಅವರ ಹೃದಯ ದುರ್ಬಲವಾಗಿದೆ, ಆಯಾಸ ಮಾಡಬಾರದು, ತಂಬಾಕು ಮತ್ತು ಮದ್ಯ ಮುಟ್ಟಬಾರದು ಎಂದು ಹೇಳಿ ಬೆಳಿಗ್ಗೆ ಎರಡು, ರಾತ್ರಿ ಮೂರು ಮಾತ್ರೆ ಬರೆದುಕೊಟ್ಟರು. ಈ ಮಾತು ಹೇಳುವಾಗ ನಾನು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ.

ಹಡಗಿನ ಪ್ರವಾಸದ ವಿಚಾರ ಎತ್ತಿದವರು ನಮ್ಮ ಯಜಮಾನರು. ಹಡಗಿನ ಕೆಲಸಕ್ಕೆ ಹೋಗುವ ಎಷ್ಟೋ ಮಂದಿಗೆ ಅವರು ಅರ್ಜಿ ಟೈಪ್ ಮಾಡಿಕೊಟ್ಟಿದ್ದರು. ದಡ ಕಾಣದ ಸಮುದ್ರದ ನಡುವೆ ಒಮ್ಮೆ ನಿಲ್ಲಬೇಕು ಎನ್ನುತ್ತಿದ್ದರು. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ಗೋವಾ ಮೇಲೆ ಮುಂಬೈಗೆ ಮರಳುವ ನಾಲ್ಕು ರಾತ್ರಿಯ ಪ್ರಯಾಣ. ದಿನಾಂಕ 12-11-2006ರಂದು ಸಂಜೆ 4-15ಕ್ಕೆ ಮುಂಬೈಯಲ್ಲಿ ಹಡಗು ಹತ್ತಿದೆವು. ಹತ್ತುವಾಗ ಆರೋಗ್ಯದ ಬಗ್ಗೆ ಒಂದು ಫಾರ್ಮು ಕೊಟ್ಟರು. ಯಾವುದಾದರೂ ಕಾಯಿಲೆ ಇದೆಯೇ ಎಂಬಲ್ಲಿ ಇಲ್ಲ ಎಂದು ಬರೆದವಳು ನಾನು. ಇದೆ ಎಂದರೆ ಹತ್ತಿಸಿಕೊಳ್ಳುವುದಿಲ್ಲ ಎಂದು ಹೆದರಿದ್ದೆ.

ಅದೇ ದಿನ ರಾತ್ರಿ 8-10ಕ್ಕೆ ಊಟಕ್ಕೆ ಕುಳಿತೆವು. ಮೇಜಿನ ನಂಬರು 41. ನಮ್ಮ ಯಜಮಾನರು ಎರಡು ತುತ್ತು ತಿಂದು, ಎಂತದೂ ಗೊತ್ತಾಗ್ತಿಲ್ಲೆ ಎಂದರು. ಆಗ ವೈನ್ ಬಡಿಸುವ ಹುಡುಗ ನಮ್ಮ ಮೇಜಿನ ಹತ್ತಿರ ನಿಂತು, ಅಮ್ಮ, ನಿಮ್ದು ಶಿರ್ಸಿ ಬದಿಯಾ, ಮಾತು ಕೇಳಿ ಗೊತ್ತಾಯ್ತು ಎಂದು ಕನ್ನಡದಲ್ಲಿ ಕೇಳಿದ. ತನ್ನ ಹೆಸರು ಸುನೀಲ, ಸಿದ್ದಾಪುರ ತಾಲೂಕು ಬಿಳಗಿ ಹತ್ತಿರದ ಬೀರ ನಾಯ್ಕರ ಮಗ, ಎರಡು ವರ್ಷದಿಂದ ಹಡಗಿನಲ್ಲಿದ್ದೇನೆ ಎಂದ. ಅವನಿಗೆ ಸುಮಾರು 26 ವರ್ಷ. ನಮ್ಮ ಯಜಮಾನರು ಟೈಪಿಂಗ್ ಮಾಸ್ತರು ಎಂದು ನಾನೂ ಹೇಳಿದೆ. ಊರಿನವರು ಸಿಕ್ಕರೆಂದು ಅವನಿಗೆ ಬಹಳ ಸಂತೋಷವಾಗಿತ್ತು.

ಹೊಸ ಪ್ರಯಾಣಿಕರಿಗೆ ಮೊದಲ ದಿನ ರುಚಿ ನೋಡಲು ಸ್ವಲ್ಪ ವೈನ್ ಕೊಡುವುದು ಅಲ್ಲಿಯ ಪದ್ಧತಿ. ಬೇಡವೆಂದು ನಾವಿಬ್ಬರೂ ಹೇಳಿದೆವು. ಅವನು ಒತ್ತಾಯ ಮಾಡಲಿಲ್ಲ. ಅವನು ಹೊರಟ ಮೇಲೆ ನಮ್ಮ ಯಜಮಾನರೇ ಹುಡುಗನ ಮುಖ ಸಣ್ಣಗಾಯಿತು ಎಂದು ಹೇಳಿ ಅವನನ್ನು ವಾಪಸ್ ಕರೆದರು. ಅವನು ಗ್ಲಾಸಿನ ತಳ ಮುಚ್ಚುವಷ್ಟು ಕೆಂಪು ವೈನ್ ಹಾಕಿದ. ಅವರು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅರ್ಧ ನಿಮಿಷವಾದರೂ ತೆರೆಯಲಿಲ್ಲ. ನಾನು ಹೆದರಿ, ಎಂತ ಆತು ನಿಮ್ಗೆ ಎಂದು ಕೈ ಹಿಡಿದೆ. ಮುಂದಿನ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಬೇಕೆಂದು ಕೇಳುತ್ತೇನೆ. ಅವರು ಹೇಳಿದ್ದು:

“ಪರಿಮಳಾ, ಇದು ಒಗರು. ಯಂಗೆ ಒಗರು ಗೊತ್ತಾಗ್ತಾ ಇದ್ದು. ಬಲಿಯದ ನೇರಳೆಹಣ್ಣು ತಿಂದಾಂಗೆ ಇದ್ದು.”

ಹದಿನಾರು ತಿಂಗಳ ನಂತರ ಅವರ ಬಾಯಿಗೆ ಏನಾದರೂ ಗೊತ್ತಾದದ್ದು ಅದೇ ಮೊದಲು.

ಹಡಗಿನಲ್ಲಿ ಬೇರೆ ಬೇರೆ ಬಗೆಯ ಆರು ಬಾಟಲಿಗಳ ವೈನ್ ಪ್ಯಾಕೇಜ್ ಸಿಗುತ್ತದೆ ಎಂದು ಮೇಜಿನ ಮೇಲಿನ ಕಾಗದದಲ್ಲಿ ಇತ್ತು. ತೆರೆದ ಬಾಟಲಿಗೆ ನಮ್ಮ ಕೋಣೆಯ ನಂಬರು ಕಟ್ಟಿ ಮುಂದಿನ ಊಟದವರೆಗೆ ತೆಗೆದಿಡುತ್ತಾರೆ. ಇದು ಬೇಕೆಂದು ಕೇಳಿದವಳು ನಾನು. ಸುನೀಲನು ಒಂದೆರಡು ಗ್ಲಾಸು ಬಿಡಿಯಾಗಿ ತೆಗೆದುಕೊಂಡರೆ ಸಾಕಲ್ಲ ಅಮ್ಮ, ಆರು ಬಾಟಲಿ ನಿಮಗೆ ಮುಗಿಯುವುದಿಲ್ಲ ಎಂದ. ನಮ್ಮ ಯಜಮಾನರು, ಊರವು ಎಂತ ಹೇಳ್ತ ಎಂದರು. ಊರು ಇಲ್ಲಿಂದ ಆರ್ನೂರು ಕಿಲೋಮೀಟರ್ ದೂರ ಇದ್ದು, ಅಲ್ಲಿಗೆ ಕೇಳ್ತಿಲ್ಲೆ ಎಂದು ನಾನು ಹೇಳಿದೆ. ಅವರು ನಕ್ಕರು. ಸಹಿ ಮಾಡುವ ಮೊದಲು ಸುನೀಲನು, ಮಾಸ್ತರು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರಾ ಎಂದು ನನ್ನನ್ನು ಕೇಳಿದ. ಇಲ್ಲ ಎಂದು ಹೇಳಿದೆ. ಮಾತ್ರೆಯ ಡಬ್ಬಿ ಆಗ ನನ್ನ ಮಡಿಲಿನ ಚೀಲದಲ್ಲೇ ಇತ್ತು. ರಾತ್ರಿ 8-50ಕ್ಕೆ ಸಹಿ ಮಾಡಿದೆ. ಸುಮಂತನು ಫಿರ್ಯಾದಿಯ ಜೊತೆ ಹಾಜರುಪಡಿಸಿದ ಕಾಗದದಲ್ಲಿ ಇರುವ ಸಹಿ ನನ್ನದು.

13ರಂದು ಮಧ್ಯಾಹ್ನ 1 ಗಂಟೆಗೆ ಬಿಳಿ ವೈನ್ ತೆರೆದರು. ಇದು ಮುರುಗಲು ಸಿಪ್ಪೆಯ ಹುಳಿ ಎಂದು ನಮ್ಮ ಯಜಮಾನರು ಹೇಳಿದರು. ನಿಜವಾಗಿ ಹುಳಿ ಗೊತ್ತಾಯಿತೋ ಅಥವಾ ನೆನಪಿನಿಂದ ಹೇಳಿದರೋ ನನಗೆ ತಿಳಿಯದು. ನಾನು ಕೇಳಲಿಲ್ಲ. ಆ ದಿನ ಅವರು ಅನ್ನವನ್ನು ಎರಡನೇ ಸಲ ಬಡಿಸಿಕೊಂಡರು. ಯೋಚನೆಯಲ್ಲಿದ್ದಾಗ ಬೆರಳಿನಲ್ಲಿ ಟೈಪ್ ಮಾಡುವುದು ಅವರ ಅಭ್ಯಾಸ. ಬಾಟಲಿಯ ಮೇಲಿನ ಇಂಗ್ಲಿಷ್ ಹೆಸರನ್ನು ಮೇಜಿನ ಬಟ್ಟೆಯ ಮೇಲೆ ಟೈಪ್ ಮಾಡುತ್ತಿದ್ದರು. ಶಾಲೆ ಮುಚ್ಚಿದ ಮೇಲೆ ಅವರ ಬೆರಳು ಹಾಗೆ ಆಡಿದ್ದನ್ನು ನಾನು ಕಂಡಿರಲಿಲ್ಲ.

ಅದೇ ದಿನ ರಾತ್ರಿ ಊಟಕ್ಕೆ ಸುನೀಲನು ತನ್ನ ಕಿಸೆಯ ಒಂದು ಸಣ್ಣ ಪುಸ್ತಕ ತಂದು ತೋರಿಸಿದ. ತರಬೇತಿಯಲ್ಲಿ ಹೇಳಿಕೊಟ್ಟ ವಿಲಾಯತಿ ಹಣ್ಣುಗಳನ್ನು ತಾನು ಕಂಡೇ ಇರಲಿಲ್ಲ, ಅದಕ್ಕೆ ಪ್ರತಿ ವೈನಿಗೂ ನಮ್ಮ ಕಡೆಯ ಹಣ್ಣಿನ ಹೆಸರು ಬರೆದುಕೊಂಡು ನೆನಪಿಟ್ಟುಕೊಂಡೆ ಎಂದ. ಒಂದು ವೈನಿಗೆ ಅವನು ಕವಳಿಹಣ್ಣು ಎಂದು ಬರೆದಿದ್ದ. ನಮ್ಮ ಯಜಮಾನರು ಕುಡಿದು ನೋಡಿ, ಅಲ್ಲ, ಇದು ಬಿಕ್ಕೆಹಣ್ಣು ಎಂದರು. ಇಬ್ಬರೂ ವಾದ ಮಾಡಿದರು. ಕೊನೆಗೆ ಅಮ್ಮ ಹೇಳಲಿ ಎಂದು ಗ್ಲಾಸನ್ನು ನನಗೆ ಕೊಟ್ಟರು. ನಾನು ಕುಡಿದು ಕವಳಿಹಣ್ಣು ಎಂದೆ. ನಮ್ಮ ಯಜಮಾನರು, ನೀನೂ ಅವನ ಬದಿಗೇ ಸೇರಿದ್ಯಾ ಎಂದು ಜೋರಾಗಿ ನಕ್ಕರು. ಪಕ್ಕದ ಮೇಜಿನವರು ತಿರುಗಿ ನೋಡಿದರು.

14ರಂದು ಬೆಳಿಗ್ಗೆ 9-30ಕ್ಕೆ ದ್ವೀಪ ಬಂತು. ಎಲ್ಲರೂ ದೋಣಿಯಲ್ಲಿ ಇಳಿದು ಹೋದರು. ನಾವು ಹೊರಟೆವು, ಆದರೆ 22 ಮೆಟ್ಟಿಲು ಇಳಿಯುವುದರೊಳಗೆ ನಮ್ಮ ಯಜಮಾನರಿಗೆ ಮೂರು ಸಲ ನಿಲ್ಲಬೇಕಾಯಿತು. ಉಸಿರು ಮೇಲೆ ಮೇಲೆ ಬರುತ್ತಿತ್ತು, ಅಲ್ಲಿಂದಲೇ ಕೋಣೆಗೆ ಮರಳಿದೆವು. ಹಡಗಿನ ಡಾಕ್ಟರಿಗೆ ತೋರಿಸೋಣ ಎಂದೆ. ಅವರು, “ಡಾಕ್ಟ್ರು ನೋಡಿದ್ರೆ ಈ ವೈನು ನಿಲ್ಲಿಸ್ತ. ಇನ್ನು ಎರಡು ದಿನ ಅಲ್ದಾ, ಇರ್ಲಿ ಬಿಡು” ಎಂದರು. ನಾನು ಬಿಟ್ಟೆ. ಡಾಕ್ಟರ ಕೋಣೆ ನಮ್ಮ ಕೋಣೆಯಿಂದ ಒಂದು ಮಹಡಿ ಕೆಳಗೆ, ಸುಮಾರು 60 ಹೆಜ್ಜೆ ದೂರದಲ್ಲಿತ್ತು. ಆ ದಿನ ಆ ಬಾಗಿಲಿನ ಎದುರಿನಿಂದ ನಾನು ಎರಡು ಸಲ ಹೋಗಿ ಬಂದಿದ್ದೇನೆ.

ಅದೇ ರಾತ್ರಿ 9-05ಕ್ಕೆ ಎರಡು ಗ್ಲಾಸು ಮುಗಿಸಿ ಅವರು ಮೂರನೆಯದು ಕೇಳಿದರು. ಸುನೀಲನು ಕೊಡಲಿಲ್ಲ. “ಇವತ್ತಿಗೆ ಸಾಕು ಮಾಸ್ತರೇ, ನಿಮ್ಮ ಮುಖ ಬಾಡಿದೆ, ನಾಳೆಗೆ ಇಟ್ಟಿರ್ತೇನೆ” ಎಂದು ಹೇಳಿ ಬಾಟಲಿಯನ್ನು ಒಳಗೆ ತೆಗೆದುಕೊಂಡು ಹೋದ. ಅವನಿಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ಮುಖ ನೋಡಿ ಹಾಗೆ ಮಾಡಿದ.

15ರಂದು ಬೆಳಿಗ್ಗೆ 6-20ಕ್ಕೆ ನಾವಿಬ್ಬರೂ ಹಡಗಿನ ಮೇಲಿನ ತೆರೆದ ಅಟ್ಟಕ್ಕೆ ಹೋಗಿ ಕುರ್ಚಿಯಲ್ಲಿ ಕುಳಿತೆವು. ಯಾವ ದಿಕ್ಕಿನಲ್ಲೂ ದಡ ಕಾಣುತ್ತಿರಲಿಲ್ಲ. 6-35ಕ್ಕೆ ಅವರು ಚಾ ಬೇಕು ಎಂದರು. ಚಾ ಸಿಗುವ ಜಾಗ ಸುಮಾರು 40 ಹೆಜ್ಜೆ ದೂರ, ಮುಂದೆ ಐದು ಜನರಿದ್ದರು. ಹೋಗಿ ಬರಲು ನನಗೆ ಏಳು ನಿಮಿಷ ಆಗಿರಬೇಕು. ಬಂದಾಗ ಅವರು ಕುಳಿತಂತೆಯೇ ಇದ್ದರು, ತಲೆ ಎಡಕ್ಕೆ ವಾಲಿತ್ತು. ಚಾ ಆರುತ್ತು ಎಂದು ಎರಡು ಸಲ ಹೇಳಿದೆ. ಹಡಗಿನ ಡಾಕ್ಟರು 6-58ಕ್ಕೆ ಬಂದರು. 7-20ಕ್ಕೆ ಜೀವ ಹೋಗಿದೆ ಎಂದು ಹೇಳಿದರು. ಸುನೀಲನು ರಾತ್ರಿಯ ಪಾಳಿ ಮುಗಿಸಿ ಮಲಗಿದ್ದವನು ಬನಿಯನ್ನಿನಲ್ಲೇ ಓಡಿ ಬಂದ. ನನ್ನ ಕೈಯಲ್ಲಿದ್ದ ಎರಡು ಲೋಟಗಳನ್ನು ತೆಗೆದುಕೊಂಡು ಕೆಳಗಿಟ್ಟ. ನಾನು ಅಷ್ಟು ಹೊತ್ತು ಅವನ್ನು ಹಿಡಿದುಕೊಂಡೇ ಇದ್ದೆನೆಂದು ಆಗ ಗೊತ್ತಾಯಿತು.

ಗೋವಾದಲ್ಲಿ ಮರಣೋತ್ತರ ಪರೀಕ್ಷೆಯಾಯಿತು. ಹೃದಯ ನಿಂತು ಸಾವು ಎಂದು ವರದಿಯಲ್ಲಿದೆ. ವೈನಿನಿಂದ ಹೀಗಾಯಿತೇ ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. ಹೌದೆಂದೂ ಹೇಳಲಾರೆ, ಅಲ್ಲವೆಂದೂ ಹೇಳಲಾರೆ ಎಂದರು.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ, ದಿನಾಂಕ 29-11-2006ರಂದು, ನನ್ನ ಚೀಲದಲ್ಲಿದ್ದ, ಬಡಿಸಿದವನೆಂದು ಸುನೀಲನ ಹೆಸರೂ ಇದ್ದ ವೈನ್ ಪ್ಯಾಕೇಜಿನ ಕಾಗದ ಸುಮಂತನಿಗೆ ಸಿಕ್ಕಿತು. ಕಾಯಿಲೆಯ ಮನುಷ್ಯನಿಗೆ ಆಸೆ ಹುಟ್ಟಿಸಿ ಕುಡಿಸಿದ್ದಾನೆಂದು ಮರುದಿನ ಅವನು ಸುನೀಲನ ಮೇಲೆ ಫಿರ್ಯಾದಿ ಕೊಟ್ಟ. ಆ ಸಹಿ ನನ್ನದು ಎಂದು ನಾನು ಅವನಿಗೆ ಹೇಳಿದೆ. “ಹೀಂಗೆಲ್ಲ ಹೇಳಡ ಚಿಕ್ಕಮ್ಮ, ಚಿಕ್ಕಪ್ಪನ ಹೆಸರು ಹಾಳಾಗ್ತು, ನೀನು ಸುಮ್ನೆ ಇರು” ಎಂದು ಅತ್ತ. ಅವನು ಅತ್ತದ್ದನ್ನು ನೋಡಿ ನಾನು ಸುಮ್ಮನಾದೆ. ಹನ್ನೊಂದು ದಿನ ಸುಮ್ಮನಿದ್ದೆ. ಆ ದಿನಗಳಲ್ಲಿ ಸುನೀಲನನ್ನು ಕೆಲಸದಿಂದ ಇಳಿಸಿ ಊರಿಗೆ ಕಳಿಸಿದರೆಂದೂ, ಎರಡು ದಿನ ಠಾಣೆಯಲ್ಲಿ ಕೂರಿಸಿದರೆಂದೂ ಕೇಳಿದೆ.

ದಿನಾಂಕ 9-12-2006ರಂದು ಮಧ್ಯಾಹ್ನ 3 ಗಂಟೆಗೆ ಸುನೀಲನ ತಾಯಿ ಸುಬ್ಬಿ ನಮ್ಮ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅಂಗಳದಲ್ಲಿ ನಿಂತು, “ಅಮ್ಮಾ, ನಮ್ಮ ಹುಡ್ಗ ಮಾಸ್ತರಿಗೆ ಮೋಸ ಮಾಡಿ ಕುಡಿಸಿದ್ನಾ? ಕಂಡವ್ರು ನೀವೊಬ್ರೇ. ಹೌದಾದ್ರೆ ಹೌದು ಅಂತ ಹೇಳಿ, ನಾನು ಮತ್ತೆ ಬರೂದಿಲ್ಲ” ಎಂದಳು. ಇಲ್ಲ ಸುಬ್ಬಿ ಎಂದೆ. ಉಳಿದದ್ದನ್ನು ಅವಳ ಮುಖ ನೋಡಿ ಹೇಳಲು ಆಗಲಿಲ್ಲ. ಅದನ್ನು ಇಲ್ಲಿ ಹೇಳುತ್ತಿದ್ದೇನೆ. ಕಾಯಿಲೆ ಮುಚ್ಚಿಟ್ಟವಳು ನಾನು. ಮಾತ್ರೆ ಇಲ್ಲ ಎಂದವಳು, ಸಹಿ ಮಾಡಿದವಳು, ಡಾಕ್ಟರ ಬಾಗಿಲು ತಟ್ಟದೆ ಬಂದವಳು ನಾನು. ತಪ್ಪು ಇದ್ದರೆ ನನ್ನದು. ಸುನೀಲನದು ಏನೂ ಇಲ್ಲ.

ನೀವೂ ಕುಡಿದಿರಾ ಎಂದು ಸಾಹೇಬರು ಕೇಳಿದ್ದಕ್ಕೆ ಹೇಳುವುದೇನೆಂದರೆ, ಮೂರು ದಿನಗಳಲ್ಲಿ ಒಟ್ಟು ನಾಲ್ಕು ಗ್ಲಾಸು ಕುಡಿದಿದ್ದೇನೆ. ಮೊದಲನೆಯದು ಅವರಿಗೆ ಜೊತೆಯಾಗಲಿ ಎಂದು. ಉಳಿದ ಮೂರು ನನಗೆ ಸೇರಿತು ಎಂದು.

ನೀವು ಕುಡಿದ ಮಾತು ತನಿಖೆಗೆ ಬೇಕಾಗಿಲ್ಲ, ಊರಲ್ಲಿ ನಿಮಗೆ ಕಷ್ಟವಾದೀತು, ಬಿಟ್ಟುಬಿಡಲೇ ಎಂದು ಬರೆದುಕೊಳ್ಳುತ್ತಿರುವ ಪೊಲೀಸರು ಕೇಳಿದರು. ಬಿಡಬೇಡಿ ಎಂದಿದ್ದೇನೆ. ಅದನ್ನು ಬಿಟ್ಟರೆ ಆ ಮೇಜಿನಲ್ಲಿ ನಮ್ಮ ಯಜಮಾನರು ಒಬ್ಬರೇ ಕುಳಿತಿದ್ದರು ಎಂದಾಗುತ್ತದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ. ಯಾರ ಹೆದರಿಕೆಗೂ ಒತ್ತಾಯಕ್ಕೂ ಹೇಳಿದ್ದಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿದ್ದೇನೆ.

ಸ್ಥಳ: ಶಿರಸಿ
ದಿನಾಂಕ: 11-12-2006, ಮಧ್ಯಾಹ್ನ 1-15

ಸಹಿ: ಪರಿಮಳಾ ಗೋವಿಂದ ಹೆಗಡೆ