ಟೇಪು ಸುತ್ತಿದ ಡಬ್ಬಿಗಳಲ್ಲಿದ್ದ ಕಳ್ಳಿ ಸಸಿಗಳ ಬಗ್ಗೆ

ನಾನು ಕತ್ತರಿ ಅಕ್ಕ, ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದೇ ಹಾಗೆ. ವಯಸ್ಸು ಐವತ್ತೊಂದು. ಕಸುಬು ಹೊಲಿಗೆ. ವಾಸ, ಬಸ್ ಡಿಪೋ ಹಿಂದಿನ ಬೀದಿಯ ಮೂರನೇ ಮನೆ, ಮಹಡಿಯ ಬಾಡಿಗೆ ಕೋಣೆ. ಠಾಣೆಯಲ್ಲಿ ಕೂತು, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ:

ನಾನು ಮರುಭೂಮಿಯ ಪುಟ್ಟ ಕಳ್ಳಿಗಳನ್ನು ಬೀಜದಿಂದ ಬೆಳೆಸುತ್ತೇನೆ. ಮರಳುಮಣ್ಣನ್ನು ಬೇಯಿಸಿ, ಆರಿಸಿ, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಊಟದ ಡಬ್ಬಿಗೆ ತುಂಬಿ, ಒದ್ದೆ ಮಾಡಿ, ಬೀಜ ಉದುರಿಸಿ, ಮುಚ್ಚಳಕ್ಕೆ ಟೇಪು ಸುತ್ತುತ್ತೇನೆ. ಆಮೇಲೆ ತಿಂಗಳುಗಟ್ಟಲೆ ತೆರೆಯುವ ಹಾಗಿಲ್ಲ. ಹೊರಗಿನ ಗಾಳಿ ಹೊಕ್ಕರೆ ಬೂಷ್ಟು ಹಿಡಿಯುತ್ತದೆ. ಕೋಣೆಯಲ್ಲಿ ಬೆಳಕು ಸಾಲದ್ದಕ್ಕೆ ಹಗಲೂ ಟ್ಯೂಬ್‌ಲೈಟ್ ಉರಿಸುತ್ತೇನೆ.

ಕಳೆದ ತಿಂಗಳು ಮನೆ ಯಜಮಾನರು ತಾರಸಿಗೆ ಬೀಗ ಹಾಕಿದರು. ನಾಲ್ಕು ಬಾಡಿಗೆ ಮನೆಯವರ ಬಟ್ಟೆ ಒಣಗುವುದು ಅಲ್ಲೇ. ನಾನು ಎಲ್ಲರನ್ನೂ ಕೂಡಿಸಿ ಒದ್ದೆ ಬಟ್ಟೆಗಳನ್ನು ಯಜಮಾನರ ಗೇಟಿಗೇ ನೇತುಹಾಕಿಸಿದೆ. ಬೀಗ ತೆಗೆದರು. ಅಂದಿನಿಂದ ನನ್ನ ಕಂಡರೆ ಅವರಿಗೆ ಉರಿ. ಕೋಣೆ ಖಾಲಿ ಮಾಡು ಎಂದರು. ಮಾಡಲಿಲ್ಲ.

ಇಂದು ಬೆಳಿಗ್ಗೆ ಎಂಟೂವರೆಗೆ ದಫೇದಾರರೂ ಮಹಿಳಾ ಪೇದೆಯೂ ಬಂದರು. ಹಿಂದೆ ಯಜಮಾನರು. ನಾನು ಗಾಂಜಾ ಬೆಳೆಯುತ್ತಿದ್ದೇನೆಂದು ಅವರು ದೂರು ಕೊಟ್ಟಿದ್ದಾರಂತೆ. ದಫೇದಾರರು ಐದು ಡಬ್ಬಿಗಳಲ್ಲಿ ಒಂದನ್ನು ಎತ್ತಿ, ಇದೇನಮ್ಮ, ಹೆಸರುಕಾಳು ನೆನೆ ಹಾಕಿದೀಯಾ ಎಂದು ಕೇಳಿದರು. ಕಳ್ಳಿ ಸಸಿ ಸಾರ್ ಎಂದೆ. ಕಳ್ಳಿ ಅಂದ್ರೆ ಮುಳ್ಳೆಲ್ಲಿ, ಸುಳ್ಳು ಬೊಗಳ್ತಾಳೆ ಎಂದು ಯಜಮಾನರು ಕೂಗಿದರು. ಹುಟ್ಟಿದಾಗಲೇ ನಿಮಗೆ ಮೀಸೆ ಇತ್ತಾ ಯಜಮಾನ್ರೇ ಎಂದು ಕೇಳಿದೆ. ಮಹಿಳಾ ಪೇದೆ ಗೋಡೆಯ ಕಡೆ ತಿರುಗಿಕೊಂಡರು.

ತೆರೆಯದೆ ಮಹಜರು ಬರೆಯಲಾಗದು ಎಂದು ದಫೇದಾರರು ಹೇಳಿದರು. ತೆರೆದರೆ ಸಾಯುತ್ತವೆ, ಒಂದನ್ನಷ್ಟೇ ತೆರೆಯಿರಿ ಎಂದು ಕೇಳಿಕೊಂಡೆ. ಯಾವುದೆಂದು ನಾನೇ ಹೇಳಬೇಕಾಯಿತು. ಕಡಿಮೆ ಮೊಳೆತಿದ್ದದ್ದನ್ನು ತೋರಿಸಿದೆ. ಅದರಲ್ಲೂ ಹದಿನೇಳು ಇದ್ದವು. ದಫೇದಾರರು ಒಂದನ್ನು ಬೆರಳಲ್ಲಿ ಹಿಸುಕಿ, ಮೂಸಿ, ಬರೀ ಮಣ್ಣು ಎಂದರು. ಬೆರಳನ್ನು ನನ್ನ ಬಾಗಿಲಿಗೇ ಒರೆಸಿದರು.

ಆದರೂ ದೂರು ಬಂದಮೇಲೆ ತಜ್ಞರೇ ನೋಡಿ ಹೇಳಬೇಕೆಂದು ಉಳಿದ ನಾಲ್ಕು ಡಬ್ಬಿಗಳನ್ನು ಠಾಣೆಗೆ ತಂದರು. ಇಲ್ಲಿ ಯಜಮಾನರು ರಾಜಿ ಮಾತು ತೆಗೆದರು. ನಾನು ಕೋಣೆ ಬಿಟ್ಟರೆ ದೂರು ವಾಪಸು, ಡಬ್ಬಿ ಈಗಲೇ ನನ್ನ ಕೈಗೆ. ಇಲ್ಲದಿದ್ದರೆ ತಜ್ಞರ ವರದಿ ಬರುವ ತನಕ ಡಬ್ಬಿಗಳು ಇಲ್ಲೇ. ಸುಮ್ನೆ ಯಾಕಕ್ಕಾ ರಂಪ, ಒಪ್ಕೊಂಡ್ಬಿಡಿ ಎಂದು ಮಹಿಳಾ ಪೇದೆ ಮೆಲ್ಲಗೆ ಹೇಳಿದರು. ಅವರು ಹೇಳಿದ್ದು ಒಳ್ಳೆಯದಕ್ಕೇ.

ನಾನು ಒಪ್ಪಿಲ್ಲ. ಇಂದು ನಾನು ಹೆದರಿ ಗಂಟು ಕಟ್ಟಿದರೆ ನಾಳೆ ಉಳಿದ ಮೂರು ಮನೆಯವರ ಪಾತ್ರೆಯೂ ಬೀದಿಗೆ ಬೀಳುತ್ತದೆ. ಡಬ್ಬಿಗಳನ್ನು ಬಿಟ್ಟು ಹೋಗುತ್ತಿದ್ದೇನೆ. ಅವನ್ನು ಬಿಸಿಲಿಗೆ ಇಡಬಾರದು, ತೆರೆಯಬಾರದು. ಪಾಪ ಅಂತ ಯಾರೂ ನೀರು ಹಾಕಬಾರದು. ಗಾಂಜಾ ಅಲ್ಲವೆಂದು ವರದಿ ಬಂದರೆ ಸುಳ್ಳು ದೂರು ಕೊಟ್ಟವರ ಮೇಲೆ ಕ್ರಮ ಆಗಬೇಕು. ಆ ದಿನ ನನ್ನನ್ನು ಕರೆಸಲು ಅದೇ ಮಹಡಿಯ ಕೋಣೆಗೆ ಬಂದು ಬಾಗಿಲು ತಟ್ಟಿ. ಅಲ್ಲೇ ಇರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನ: ಭಾನುವಾರ, ಮಧ್ಯಾಹ್ನ
ಸಹಿ: ಕತ್ತರಿ ಅಕ್ಕ