ವಿಲನ್ನಿನ ಅಮ್ಮ

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ರೆಸ್ಲಿಂಗ್ ಶೋ ನೋಡಿಕೊಂಡು, ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ಸಾಲಿನಲ್ಲಿ ನಿಂತಿದ್ದ ಉಮಾಕಾಂತನಿಗೆ ಮುಂದಿನಿಂದ ಕನ್ನಡ ಕೇಳಿಸಿತು. ಆಗಷ್ಟೇ ರಿಂಗಿನಲ್ಲಿ ಮೊದಲ ಸಲ ವಿಲನ್ ಆಗಿ ಆಡಿ ಸೋತ ಸಿಂಧೂರ, ಜೊತೆಗೆ ಅವಳ ತಾಯಿ.

“ಮುನ್ನೂರು ಜನ ಸೇರಿ ನಿಂಗೆ ಛೀ ಥೂ ಅಂದ್ರಲ್ಲೇ. ತಡ್ಕೊಳ್ಳೋಕಾಗ್ಲಿಲ್ಲ.”

“ಅದಕ್ಕೆ ಎದ್ದು ನಿಂತು ಬೈದ್ಯಾ?”

“ಕನ್ನಡದಲ್ಲಿ ತಾನೇ ಬೈದಿದ್ದು. ಇಲ್ಲಿ ಯಾರಿಗೆ ಗೊತ್ತಾಗುತ್ತೆ?”

ಉಮಾಕಾಂತನಿಗೆ ಗೊತ್ತಾಗಿತ್ತು. ಆಗಲೇ ತನ್ನ ಮಗಳ ಕಿವಿಯನ್ನೂ ಮುಚ್ಚಿದ್ದ.

“ಅಮ್ಮಾ, ಬಸ್ಸು ಅರ್ಧ ಗಂಟೆ ಲೇಟಾದ್ರೂ ತುಟಿ ಬಿಚ್ಚದ ಜನ ಇವ್ರು. ಇವತ್ತು ನನ್ನ ನೋಡಿ ಕುರ್ಚಿ ಹತ್ತಿ ಕೂಗಿದ್ರು. ವಿಲನ್‌ನ ಯಾರೂ ಬೈಲಿಲ್ಲ ಅಂದ್ರೆ ಮತ್ತೆ ಕರೆಯೋದೇ ಇಲ್ಲ.”

“ಈಗ ಕರೆದ್ರಾ?”

“ಮುಂದಿನ ತಿಂಗಳು ಕೊನೇ ಮ್ಯಾಚೇ ನಂದು. ಶೋನಲ್ಲಿ ಅದೇ ದೊಡ್ಡದು.”

ಬಸ್ಸು ಬಂದು ನಿಂತಿತು.

“ಹಾಗಾದ್ರೆ ನಂಗೆ ಮುಂದಿನ ಸಾಲಲ್ಲೇ ಟಿಕೆಟ್ ತೆಗ್ಸು,” ಎಂದು ತಾಯಿ ಮಗಳ ಚೀಲವನ್ನು ತಾವೇ ಎತ್ತಿಕೊಂಡರು. “ಇವ್ರಿಗೆ ಸರಿಯಾಗಿ ಬೈಯೋಕೆ ಬರಲ್ಲ. ನಾನು ಹೇಳ್ಕೊಡ್ತೀನಿ.”

ಇಬ್ಬರೂ ನಗುತ್ತಾ ಬಸ್ಸು ಹತ್ತಿದರು.