ಶಿವಮಲ್ಲಪ್ಪ ಕೊಟ್ಟುಹೋದ ಪಟ್ಟಿ

ರೇಷ್ಮೆ ಬಿಚ್ಚಾಣಿಕೆ ಶೆಡ್ಡಿನ ನನ್ನ ಒಡನಾಡಿಗಳೇ, ಧನಗೆರೆಯಿಂದ ಬಂದ ನೆಂಟರೇ, ಶಿವರತ್ನಮ್ಮ ಅತ್ತಿಗೆ, ಮಗಳೇ ಕೋಮಲ — ಎಲ್ಲರಿಗೂ ನಮಸ್ಕಾರ. ಶಿವಮಲ್ಲಪ್ಪನ ಪಕ್ಕದ ಚರಕದಲ್ಲಿ ಹದಿನೆಂಟು ವರ್ಷ ರೇಷ್ಮೆ ನೂಲು ತೆಗೆದವನು ನಾನು, ಜಡೇಸ್ವಾಮಿ. ಅವನನ್ನು ಹೊಗಳುವುದಕ್ಕೆ ಬೇಕಾದಷ್ಟಿದೆ. ಇವತ್ತು ಈ ಶ್ರದ್ಧಾಂಜಲಿ ಸಭೆಯಲ್ಲಿ ಹೊಗಳುವುದಿಲ್ಲ. ಹೇಳಬೇಕಾದ್ದು ಬೇರೆ ಇದೆ — ದಯವಿಟ್ಟು ಯಾರೂ ಮಾತಾಡಬೇಡಿ.

ಬೆನ್ನುಮೂಳೆಯ ಕ್ಯಾನ್ಸರ್ ಅವನನ್ನು ನಾಲ್ಕು ತಿಂಗಳು ನಿದ್ದೆ ಮಾಡಲು ಬಿಡಲಿಲ್ಲ. ಯಾವ ಮಾತ್ರೆಗೂ ನೋವು ಬಗ್ಗಲಿಲ್ಲ. ಕೊನೆಗೆ ಮೈಸೂರಿನ ಡಾಕ್ಟರು ನೋವಿನ ಔಷಧಿ ಹಚ್ಚಿದ ಐದು ಪಟ್ಟಿ ಕೊಟ್ಟರು. ಇಷ್ಟೇ ಅಗಲ — ನೋಡಿ, ಬೆಂಕಿಪೊಟ್ಟಣದಷ್ಟು. ಮೈಗೆ ಅಂಟಿಸಿದರೆ ಔಷಧಿ ಚರ್ಮದೊಳಗೆ ಸ್ವಲ್ಪ ಸ್ವಲ್ಪವೇ ಇಳಿದು ಮೂರು ದಿನ ಬರುತ್ತದೆ. ಬಿಸಿ ತಾಗಿದರೆ ಬೇಗ ಇಳಿದುಬಿಡುತ್ತದೆ, ಹುಷಾರು ಅಂತ ಅತ್ತಿಗೆಗೆ ಹೇಳಿದ್ದರು. ನನಗೆ ಹೇಳಿದವರಿಲ್ಲ.

ಹೋದ ಸೋಮವಾರ, ಅತ್ತಿಗೆ ಹೊಲಕ್ಕೆ ಹೋಗಿದ್ದಾಗ, ಇವನು ನಗುತ್ತಾ ಶೆಡ್ಡಿಗೆ ಬಂದ. "ನೋವು ಓಯ್ತು ಕಣ್ಲಾ ಜಡೇಸ್ವಾಮಿ, ಮನೇಲಿ ಕೂತ್ರೆ ಬ್ಯಾಸ್ರ" ಅಂದ. ನಾನೇ — ಈ ಕೈಯಲ್ಲೇ — ಅವನ ಸ್ಟೂಲನ್ನು ಗೂಡು ಬೇಯಿಸುವ ಒಲೆಯ ಹತ್ತಿರ ಎಳೆದು ಹಾಕಿದೆ. "ಬೆನ್ಗೆ ಕಾವು ತಕೊ, ಒಳ್ಳೇದು" ಅಂದೆ. ನಮ್ಮ ಕಡೆ ಬೆನ್ನುನೋವಿಗೆ ಕಾವು ಕೊಡದವರು ಯಾರಿದ್ದಾರೆ, ಹೇಳಿ?

ಹನ್ನೊಂದು ಗಂಟೆಗೆ ತೂಕಡಿಸಿದ. ಪಾಪ, ಮಲಗಲಿ ಅಂತ ರೇಡಿಯೋ ಆರಿಸಿದೆವು. ಗೊರಕೆ ಕೇಳಿ ನಕ್ಕೆವು. ಗೊರಕೆ ನಿಂತಾಗ — ಯಾರೂ ಎದ್ದು ನೋಡಲಿಲ್ಲ. ಅತ್ತಿಗೆ, ನಿಮ್ಮ ಮುಖ ನೋಡುವುದಕ್ಕೆ ನನಗೆ ನಾಚಿಕೆಯಾಗುತ್ತದೆ.

ಈಗ ಕೇಳಿ. ಇವತ್ತು ಬೆಳಿಗ್ಗೆ ಅತ್ತಿಗೆ ಡಬ್ಬಿ ತೆರೆದರೆ ಮೂರೇ ಪಟ್ಟಿ. ಒಂದು ಅವನ ಬೆನ್ನ ಮೇಲಿತ್ತು. ಇನ್ನೊಂದು? ಕೋಮಲ ಹೇಳಿದಳು — "ಶೆಡ್ನಲ್ಲಿ ಯಾರ್ಗೋ ಭುಜ ನೋವಂತೆ ಚಿಕ್ಕಪ್ಪ, ಅಪ್ಪ ಒಂದ ತಕಂಡೋದ್ರು." ಅವನ ಗುಣವೇ ಅದು, ಬೀಡಿಯನ್ನೂ ಹಂಚಿಕೊಂಡೇ ಸೇದುವವನು. ತಕ್ಷಣ ಮೈಸೂರಿಗೆ ಫೋನ್ ಮಾಡಿದೆ. ಡಾಕ್ಟರು ಬೈದೇಬಿಟ್ಟರು. ಆ ಔಷಧಿಯ ಅಭ್ಯಾಸವಿಲ್ಲದವರಿಗೆ ಒಲೆಯ ಕಾವೂ ಬೇಕಿಲ್ಲವಂತೆ. ನಿದ್ದೆಯಲ್ಲೇ ಉಸಿರು ನಿಲ್ಲಬಹುದಂತೆ.

ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ಇಲ್ಲ ಅಂತ ತಲೆ ಅಲ್ಲಾಡಿಸಿದಿರಿ. ಪೊಲೀಸರು ಬರುತ್ತಾರೆಂಬ ಭಯವೇ? ನನ್ನಾಣೆ, ಯಾರೂ ಏನೂ ಅನ್ನುವುದಿಲ್ಲ. ಇಟ್ಟುಕೊಂಡಿದ್ದರೆ ಕೊಟ್ಟುಬಿಡಿ. ಇವತ್ತೇ ಅಂಟಿಸಿಕೊಂಡಿದ್ದರೆ ಈಗಲೇ ಕಿತ್ತುಹಾಕಿ, ಆಸ್ಪತ್ರೆಗೆ ನಾನೇ ಬರುತ್ತೇನೆ.

— ಯಾರೂ ಇಲ್ಲವೇ?

ಸರಿ. ಶಿವಮಲ್ಲಪ್ಪನಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಲ್ಲೋಣ. ಆದರೆ ಯಾರೂ ಕಣ್ಣು ಮುಚ್ಚಬೇಡಿ. ಪಕ್ಕದವರನ್ನು ನೋಡಿಕೊಳ್ಳಿ. ಏಳಿ — ಹೆಂಗಸರೂ ಏಳಿ.

ಮುತ್ತಯ್ಯನವರೇ, ಏಳಿ. ಶೆಡ್ಡಿನ ಹಿರಿಯರು ನೀವು, ಗೋಡೆಗೆ ಒರಗಿ ತೂಕಡಿಸಿದ್ದು ಸಾಕು. ಮುತ್ತಯ್ಯನವರೇ —

ಲೇ ಮಣಿಕಂಠ, ಅವರ ಅಂಗಿ ಸರಿಸಿ ಭುಜ ನೋಡ್ಲಾ!